ಟ್ರ್ಯಾಕ್ಟರ್ ಮೂತಿಯ ಮೇಲೆ ನನ್ನ ಗಂಡ

ಮೊನ್ನೆ ಭಾನುವಾರ ನನ್ನ ಗಂಡನನ್ನು ನಾನೇ ಒಂದು ಟ್ರ್ಯಾಕ್ಟರಿನ ಮೂತಿಯ ಮೇಲೆ ಕೂರಿಸಿದೆ. (ನಗಬೇಡಿ. ಮುಂದಿನದು ಕೇಳಿದರೆ ನಗು ಬರುವುದಿಲ್ಲ.)

ಗಲಗಲಿಯಲ್ಲಿ ನಾದಿನಿಯ ಕುಬಸ, ಅಂದರೆ ಸೀಮಂತ. ಬೈಕಿನಲ್ಲಿ ಹೊರಟಿದ್ದೆವು. ಊರಾಚೆಯ ಏರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ದಾರಿಗೆ ಅಡ್ಡ ನಿಂತುಬಿಟ್ಟಿತ್ತು. ಹಿಂದೆ ಎರಡು ಟ್ರೇಲರ್, ಎರಡರ ತುಂಬಾ ಕಬ್ಬು. ಗಾಲಿಗಳ ಹಿಂದೆ ಕಲ್ಲು ಇಟ್ಟಿದ್ದರು. ಡ್ರೈವರ್ ಗೇರ್ ಹಾಕಿದರೆ ಸಾಕು, ಮುಂದಿನ ಗಾಲಿ ನೆಲ ಬಿಡುತ್ತಿತ್ತು.

ಇದರ ಮದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾಲ್ಕು ಜನ ಬಾನೆಟ್ ಮೇಲೆ, ಬಂಪರ್ ಮೇಲೆ ಕೂರಬೇಕು. ಆ ಭಾರಕ್ಕೆ ಮೂತಿ ಕೆಳಗಿರುತ್ತದೆ, ಗಾಡಿ ಏರು ಹತ್ತುತ್ತದೆ. ಆದರೆ ಅಂದು ಕೂರಲು ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದರು. ನಾನು ಬಾಯಿ ಹಾಕಿದೆ. ಏಳನೇ ತರಗತಿಗೆ ವಿಜ್ಞಾನ ಕಲಿಸುವವಳು, ಸುಮ್ಮನಿರಲಾದೀತೇ?

“ಸೀಸಾ ಹಲಗಿ ಮ್ಯಾಲೆ ಆಡಿಲ್ಲೇನ್ರಿ? ಹಿಂದ ಭಾರ ಆಗೇತಿ, ಮುಂದ ಎತ್ತಾಕತ್ತೇತಿ. ಮುಂದ ಕುಂತ್ರ ಏನೂ ಆಗೂದಿಲ್ಲ.” ಗಂಡನ ಕಡೆ ತಿರುಗಿ, “ನೀವೂ ಕುಂದರ್ರಿ, ಊಟಕ್ಕ ಹೊತ್ತಾಗ್ತೈತಿ” ಎಂದೆ.

ಅವರು ಕೂತರು. ಅವರನ್ನು ನೋಡಿ ಇನ್ನೂ ಮೂವರು ಕೂತರು.

ಎಂಜಿನ್ ಕೂಗಿತು, ಕಪ್ಪು ಹೊಗೆ ಎದ್ದಿತು. ಹತ್ತು ಹೆಜ್ಜೆ ಸಾಗಿದ ಗಾಡಿ ಇದ್ದಕ್ಕಿದ್ದಂತೆ ನಾಲ್ವರ ಸಮೇತ ಮೂತಿ ಎತ್ತಿತು. ಮೊಳದಷ್ಟು!

ಮುಂದಕ್ಕೆ ಎಳೆಯುವ ಎಂಜಿನ್, ಹಿಂದಕ್ಕೆ ಜಗ್ಗುವ ಎರಡು ಟ್ರೇಲರ್. ಇಷ್ಟು ಬಲದ ಮುಂದೆ ನಾಲ್ಕು ಜನರ ತೂಕ ಯಾವ ಲೆಕ್ಕ? ಅದೂ ಮನುಷ್ಯರು ಕಟ್ಟಿಟ್ಟ ಚೀಲಗಳಲ್ಲ, ಜಾರುತ್ತಾರೆ. ಜಾರಿದರೆ ಬೀಳುವುದು ಅದೇ ಗಾಲಿಯ ಕೆಳಗೆ. ಇದೆಲ್ಲ ನನಗೆ ಹೊಳೆದದ್ದು ಆಗ.

ಡ್ರೈವರ್ ಕ್ಲಚ್ ಒತ್ತಿದ. ಮೂತಿ ಧಡ್ ಎಂದು ಬಿತ್ತು. ಗಾಡಿ ಹಿಂದಕ್ಕೆ ಉರುಳತೊಡಗಿತು, ಯಾರೋ ಓಡಿ ಬಂದು ಗಾಲಿಗೆ ಕಲ್ಲು ಕೊಟ್ಟರು. ನಿಂತಿತು.

ನನ್ನವರು ಇಳಿದು ಬಂದು, “ಯಾಕ ಅಳಾಕತ್ತಿ? ಏನೂ ಆಗಿಲ್ಲಲ್ಲ?” ಎಂದರು. ಕೊನೆಗೆ ಒಂದು ಟ್ರೇಲರ್ ಕಳಚಿ, ಒಂದೊಂದಾಗಿ ಏರು ಹತ್ತಿಸಿದರು. ಮೊದಲೇ ಹೀಗೆ ಮಾಡಿದ್ದರೆ ಯಾರ ಗಂಟು ಹೋಗುತ್ತಿತ್ತು? (ಊಟಕ್ಕೆ ತಡವಾಯಿತು.)

ಸೋಮವಾರ ಕ್ಲಾಸಿನಲ್ಲಿ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದೇ, ಯಾರೂ ಅಲ್ಲಿ ಕೂರಬಾರದು, ಮನೆಯಲ್ಲೂ ಹೇಳಿ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ನಮ್ಮಪ್ಪಾನೂ ನಿನ್ನೆ ಅಲ್ಲೇ ಕುಂತಿದ್ದನ್ರಿ. ನಿಮ್ಮ ಟೀಚರ್ ಹೇಳಿದ್ದು ಖರೆ ಆತು, ಯಾರಿಗೂ ಏನೂ ಆಗ್ಲಿಲ್ಲ ಅಂದ. ಇವತ್ತೂ ಅದ ಏರಿಗೆ ಇನ್ನೊಂದು ಗಾಡಿ ಮ್ಯಾಲೆ ಕುಂದರಾಕ ಹೋಗ್ಯಾನ್ರಿ.”

ಅವಳಿಂದ ಅಪ್ಪನ ನಂಬರ್ ಕೇಳಿ ಅಲ್ಲೇ ಫೋನ್ ಹಚ್ಚಿದೆ. ಆರನೇ ರಿಂಗಿಗೆ ಎತ್ತಿದ.

ಒಂದು ರಿಂಗಿಗೂ ಇನ್ನೊಂದು ರಿಂಗಿಗೂ ನಡುವೆ ಎಷ್ಟು ಹೊತ್ತಿರುತ್ತದೆ, ಯಾವತ್ತಾದರೂ ಎಣಿಸಿದ್ದೀರಾ?