ವಿಮಾನ ಇಳಿಯುವ ಮೊದಲು

ಕೆಲವು ವರ್ಷಗಳ ಹಿಂದಿನ ಒಂದು ಶ್ರಾವಣ ಸೋಮವಾರ, ಮಧ್ಯಾಹ್ನ. ಕಲಬುರಗಿ ಹತ್ತಿರದ ವಾಡಿಯ ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಶಾಂತಾ, ಇಬ್ಬರೇ. ಇಂಥ ಸಂಗತಿ ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವನು ನಾನು. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ನಾನು ಸ್ಟೇಷನ್ ಮಾಸ್ತರನಾಗಿದ್ದವನು. ಮುಂದಿನ ಸ್ಟೇಷನ್ನಿನವರು ‘ಗಾಡಿ ಬಂತು’ ಅನ್ನುವವರೆಗೆ ಅದು ಮುಟ್ಟಿತೆಂದು ನಾವು ನಂಬುವಂತಿಲ್ಲ. ಅವರು ಅಂದ ಮೇಲೆ ನಂಬದೆ ಇರುವಂತೆಯೂ ಇಲ್ಲ.

ತಮ್ಮ ಚನ್ನಪ್ಪನಿಗೆ ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಇತ್ತು. ಅವ್ವ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದವಳು ನನ್ನ ತಂಗಿ, ಅವನ ಅಕ್ಕ ಮಹಾದೇವಿ. ಅವಳು ಬಂದು ಹಣೆಗೆ ವಿಭೂತಿ ಹಚ್ಚದೆ ಒಳಗೆ ಹೋಗುವುದಿಲ್ಲವೆಂದು ಅವನ ಹಟ. ಆದರೆ ಮರುದಿನಕ್ಕಿಟ್ಟಿದ್ದ ಆಪರೇಷನ್ ಅವತ್ತೇ ಆಗಬೇಕೆಂದರು ಡಾಕ್ಟರು. ತಡಮಾಡಿದರೆ ಜೀವಕ್ಕೆ ಅಪಾಯ. ರೈಲಿಗೆ ಇಡೀ ರಾತ್ರಿ ಬೇಕು. ನನ್ನ ಅಳಿಯ ಅವಳನ್ನು ನಮ್ಮ ಮನೆಯಿಂದಲೇ ಕಲಬುರಗಿಗೆ ಒಯ್ದು ವಿಮಾನ ಹತ್ತಿಸಿದ.

ಒಳಗೆ ಕೂತು ಫೋನ್ ಮಾಡಿದಳು. “ಅಣ್ಣಾ, ಫೋನ್ ಬಂದ್ ಮಾಡು ಅನ್ಲಿಕತ್ತಾರ.”

“ಗಾಬರಿ ಆಗಬ್ಯಾಡ.”

“ಗಾಬರಿ ನಿನಗಾಗೇದ. ನಿನ್ನ ರೈಲಿನಂಗ ಇದು ಸಿಗ್ನಲ್ಲಿಗೆ ನಿಲ್ಲಂಗಿಲ್ಲ, ಸುಮ್ನಿರು.”

ಸ್ವಲ್ಪ ಹೊತ್ತಿಗೆ ಶಾಂತಾ ದೇವರ ಕೋಣೆಯಿಂದ ಕೂಗಿದಳು. “ಇಲ್ಲಿ ನೋಡ್ರಿ, ವಿಭೂತಿ ಗಟ್ಟಿ ಬಿಟ್ಟು ಹೋಗ್ಯಾರ!” ಅವ್ವನ ಕಾಲದ ಗಟ್ಟಿ, ಬಟ್ಟೆಯಲ್ಲಿ ಸುತ್ತಿದ್ದು. ಬಿಚ್ಚಿ ನೋಡಿದೆ. ಒಣಗಿ ಸುಣ್ಣದ ಕಲ್ಲಿನಂತಿತ್ತು. ಮತ್ತೆ ಸುತ್ತಿ ಗೋಡೆಯ ಮಾಡದಲ್ಲಿಟ್ಟು ಗಡಿಯಾರ ನೋಡುತ್ತ ಕೂತೆ. ಎರಡೂ ವಿಮಾನ ನಿಲ್ದಾಣಗಳ ನಡುವೆ ನೇರ ಹಾದಿ ಐನೂರು ಕಿಲೋಮೀಟರಿನೊಳಗೆ. ಹಾರಲು ಒಂದು ತಾಸಿನ ಮೇಲೆ. ಇಳಿದು ಆಸ್ಪತ್ರೆ ಮುಟ್ಟಲು ಇನ್ನೂ ಒಂದು ತಾಸು. ಡಾಕ್ಟರು ಅಷ್ಟು ಕಾಯುವರೇ?

ವಿಮಾನ ಅರ್ಧ ಹಾದಿಯೂ ದಾಟಿರಲಿಕ್ಕಿಲ್ಲ, ತಮ್ಮನ ಹೆಂಡತಿ ಶಾರದಾಳ ಫೋನ್ ಬಂತು. “ಬಾವಾರೆ, ಅಕ್ಕಾರು ಬಂದ್ರು. ವಿಭೂತಿ ಹಚ್ಚಿದ್ರು. ಇವರು ನಕ್ಕೋತ ಒಳಗ ಹೋದ್ರು.”

“ಯಾವ ಅಕ್ಕ?”

“ಚಾಷ್ಟಿ ಮಾಡಬ್ಯಾಡ್ರಿ. ನಮ್ಮ ಮಹಾದೇವಕ್ಕಾರು. ನೀರು ಕುಡೀಲಿಕ್ಕ ಆ ಕಡೆ ಹೋದ್ರು.”

ತಂಗಿಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಮಹಾದೇವಿಯೇ ಫೋನ್ ಮಾಡಿದಳು, ಅಳುತ್ತ. “ಈಗ ಇಳದೀನಿ ಅಣ್ಣಾ. ವಿಭೂತಿ ಮರ್ತು ಬಂದೀನಿ. ಅಂವ ಒಳಗ ಹೋದನೇನು?”

“ಹೋಗ್ಯಾನ. ಹಣಿ ಮ್ಯಾಲ ವಿಭೂತಿ ಅದ.”

“ಯಾರು ಹಚ್ಚಿದ್ರು?”



ಸಂಜೆಗೆ ಚನ್ನಪ್ಪ ಪಾರಾದನೆಂದು ಸುದ್ದಿ ಬಂತು. ಶಾರದಾ ಇಂದಿಗೂ ತನ್ನ ಮಾತು ಬಿಟ್ಟಿಲ್ಲ. ಆ ಹೊತ್ತಿಗೆ ವಿಮಾನದ ಕಿಟಕಿಯ ಪಕ್ಕ ಕೂತು ಮೋಡ ನೋಡುತ್ತಿದ್ದೆ ಎನ್ನುತ್ತಾಳೆ ಮಹಾದೇವಿ. ಗಾಡಿ ತಡವಾಗಿ ಮುಟ್ಟಿದ್ದನ್ನು ಜೀವಮಾನವೆಲ್ಲ ನೋಡಿದ್ದೇನೆ. ನಡುದಾರಿಯಲ್ಲಿರುವಾಗಲೇ ‘ಬಂತು’ ಎಂದದ್ದು ಅದೊಂದೇ ಸಲ.

ಅವತ್ತು ದೀಪ ಹಚ್ಚುವ ಹೊತ್ತಿಗೆ ಮಾಡದಿಂದ ಗಟ್ಟಿ ತೆಗೆದು ಬಟ್ಟೆ ಬಿಚ್ಚಿದೆ. ಒಂದು ಬದಿ ಹಸಿಯಾಗಿತ್ತು. ಅದರ ಮೇಲೆ ಮೂರು ಬೆರಳು ತಿಕ್ಕಿದ ಗುರುತು. ಶಾಂತಾ ತಾನು ಮುಟ್ಟಿಲ್ಲವೆಂದಳು. ಆರಲೆಂದು ಕಿಟಕಿಯಲ್ಲಿಟ್ಟೆ. ಆರಿದ ಮೇಲೆ ಸುತ್ತಿ, ಇದ್ದಲ್ಲೇ ಇಟ್ಟು, ದೀಪ ಹಚ್ಚಿದೆ.