ಗೋದಲಿಗೆ ಬಾಗಿದ ಕುತ್ತಿಗೆ

ಮಣ್ಣೆತ್ತು ಮಾರುವಾಕೆ ಬಾಗಿಲ ಮುಂದೆ ಬುಟ್ಟಿ ಇಳಿಸಿ, ಮೇಲೆ ಹೊದಿಸಿದ್ದ ಹಸಿ ಗೋಣಿಚೀಲ ಸರಿಸಿದಳು. ಒದ್ದೆ ಎರೆಮಣ್ಣಿನ ವಾಸನೆ ಬಾಗಲಕೋಟೆಯ ನಮ್ಮ ಈ ನವನಗರದ ಮನೆಯೊಳಗೆ ಪಡಸಾಲೆಯವರೆಗೂ ಬಂತು. ನಾನು ಆಗ ಒಂದು ಪಾರ್ಸಲ್ ಬಿಚ್ಚುತ್ತ ಕೂತಿದ್ದೆ. ಬಹಳ ದಿನ ಕಾದು ತರಿಸಿದ, ಉದ್ದ ಕುತ್ತಿಗೆಯ ದೊಡ್ಡ ಡೈನೋಸಾರ್ ಬೊಂಬೆ. ಅದರ ಜೊತೆಗೆ ಗಾಜಿನಂತೆ ತಿಳಿಯಾದ ಒಂದು ಪ್ಲಾಸ್ಟಿಕ್ ಕೋಲೂ ಬಂದಿತ್ತು. ಕುತ್ತಿಗೆ ಜೋತು ಬೀಳದಂತೆ ಕೆಳಗೆ ಕೊಡುವ ಆಸರೆ. ಇದ್ದರೂ ಇಲ್ಲದಂತೆ ಕಾಣಬೇಕಾದ ಆಸರೆ.

ಕೈಯಲ್ಲಿ ಆ ಕೋಲು, ಮೂಗಿನಲ್ಲಿ ಆ ಮಣ್ಣು... ಇಳಕಲ್ಲಿನ ಎದುರುಮನೆ ಅವ್ವ ನೆನಪಾದಳು.

ನೆನಪಾದಳು ಎಂದು ಬರೆದೆನಾದರೂ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಬಹಳ ವರ್ಷ ದಿನಚರಿ ಬರೆದವರಿಗೆ ಇದೊಂದು ತೊಂದರೆ. ನಡೆದದ್ದು ಎಷ್ಟು, ಬರೆಯುವಾಗ ಚೆಂದ ಕಂಡದ್ದು ಎಷ್ಟು ಎಂದು ಮುಂದೆ ಗೊತ್ತಾಗದೆ ಹೋಗುತ್ತದೆ. ಹಾಗಾಗಿ ಸಂಶಯ ಇದ್ದಲ್ಲಿ ಸಂಶಯ ಇದೆ ಎಂದೇ ಹೇಳುತ್ತೇನೆ.

ಇಳಕಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವುದು ನನ್ನ ಮೊದಲ ನೌಕರಿ. ನೇಕಾರರ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದಿದ್ದೆ. ಎದುರುಮನೆಯಲ್ಲಿ ಮಗ ಒಳಗೆ ಮಗ್ಗದ ಮೇಲೆ ಕೂತಿರುತ್ತಿದ್ದ. ಅವ್ವ ಹೊರಗೆ ಕಟ್ಟೆಯ ಮೇಲೆ ರಾಟಿ ಇಟ್ಟುಕೊಂಡು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಓಣಿಯ ಎಲ್ಲರಿಗೂ ಆಕೆ ಅವ್ವ, ನನಗೂ ಅವ್ವ. ನಾನು ಆಕೆಗೆ ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಕಾಲೇಜು ಎಂದು ನಾನು ಎಷ್ಟು ಸಲ ಹೇಳಿದರೂ ಆಕೆಯ ಲೆಕ್ಕದಲ್ಲಿ ಅದು ದೊಡ್ಡ ಸಾಲಿ ಅಷ್ಟೆ.

ಒಂದು ದಿನ ಎಣ್ಣೆಗಾಯಿ ಪಲ್ಯ ಕೊಡಲು ಒಳಗೆ ಬಂದವಳು ನನ್ನ ಗೋಡೆಯ ಹಲಗೆಯ ಮುಂದೆ ನಿಂತುಬಿಟ್ಟಳು. ಅಲ್ಲಿ ನನ್ನ ಡೈನೋಸಾರ್‌ಗಳು ಸಾಲಾಗಿ ನಿಂತಿದ್ದವು.

"ಇವು ಯಾವ ದೇವರ್ರಿ ಅಕ್ಕೋರ? ಎಲ್ಲಾ ಹಲ್ಲ ಕಿಸದಾವ."

"ದೇವರಲ್ಲ ಅವ್ವಾ, ಆಟಿಗಿ ಸಾಮಾನು."

"ಯಾವ ಹುಡುಗರಿಗೆ?"

"ನನಗಽ."

ಆಕೆ ನಗಲಿಲ್ಲ ಎಂದು ನನ್ನ ನೆನಪು. ನಕ್ಕಿದ್ದರೂ ಚುಚ್ಚುವ ನಗೆ ಆಗಿರಲಿಕ್ಕಿಲ್ಲ. ಆಗಿದ್ದರೆ ನನಗೆ ಮರೆಯುತ್ತಿರಲಿಲ್ಲ. ಆ ಮಾತಿಗೆ ಅಲ್ಲಿಯವರೆಗೆ ನಕ್ಕವರೆಲ್ಲ ನನಗೆ ಚೆನ್ನಾಗಿ ನೆನಪಿದ್ದಾರೆ.

ಈ ಹುಚ್ಚು ಬಾದಾಮಿಯಲ್ಲಿ, ನಾನು ಸಣ್ಣವಳಿದ್ದಾಗ ಹತ್ತಿದ್ದು. ಪ್ರವಾಸಕ್ಕೆ ಬಂದವರ ಮಕ್ಕಳಿಗೆಂದು ಅಂಗಡಿಯವರು ತೂಗುಹಾಕುತ್ತಿದ್ದ ಪ್ಲಾಸ್ಟಿಕ್ ಪಾಕೀಟಿನಿಂದ ಶುರುವಾಯಿತು. ಆ ಪಾಕೀಟಿನಲ್ಲಿ ಎಲ್ಲ ಪ್ರಾಣಿಗಳೂ ಒಂದೇ ಅಳತೆ. ದೊಡ್ಡವಳಾಗಿ, ಓದಿ, ಪ್ರಮಾಣ ನೋಡಿ ಕೂಡಿಸಲು ತೊಡಗಿದ ಮೇಲೆ ಒಂದು ಕೊರತೆ ಕಾಡತೊಡಗಿತು. ಮಾಂಸ ತಿನ್ನುವವು ಸಿಗುತ್ತಿದ್ದವು, ಕೊಂಬಿನವು ಸಿಗುತ್ತಿದ್ದವು. ನೆಲದ ಮೇಲೆ ನಡೆದ ಪ್ರಾಣಿಗಳಲ್ಲೇ ದೊಡ್ಡವಾದ ಉದ್ದ ಕುತ್ತಿಗೆಯ ಸೌರೋಪಾಡ್ ಮಾತ್ರ ಸರಿಯಾದ ಅಳತೆಯಲ್ಲಿ ಸಿಗುತ್ತಿರಲಿಲ್ಲ. ಮಾಡುವವರು ಡಬ್ಬಿಯ ಅಳತೆ ನೋಡಿ ಪ್ರಾಣಿಯನ್ನು ಮಾಡುತ್ತಿದ್ದರು. ಬಾಲವನ್ನು ಕಾಲಿಗೆ ಸುತ್ತುವುದು, ಕುತ್ತಿಗೆಯನ್ನು ಬೆನ್ನಿನ ಕಡೆ ಮಡಿಸುವುದು, ಅದೂ ಆಗದಿದ್ದರೆ ಇಡೀ ಪ್ರಾಣಿಯನ್ನೇ ಕುಗ್ಗಿಸುವುದು. ನನ್ನ ಹಲಗೆಯ ಮೇಲಿನ ಗೇಣುದ್ದದ ಮಾಂಸಾಹಾರಿಯ ಪಕ್ಕದಲ್ಲಿ ಅದು ಎರಡು ಮೊಳವಾದರೂ ಇರಬೇಕಿತ್ತು.

ನಾನೇ ಮಾಡುತ್ತೇನೆ ಎಂದು ಹೊರಟೆ. ಮೊದಲು ತಂತಿ ಕಟ್ಟಿ ಪ್ಲಾಸ್ಟರ್ ಮೆತ್ತಿದೆ. ಭುಜದ ಹತ್ತಿರ ಟಪ್ಪೆಂದು ಮುರಿಯಿತು. ಆಮೇಲೆ ಕಾಗದ ನೆನೆಸಿ ರುಬ್ಬಿ ಮಾಡಿದೆ. ಅದು ಮುರಿಯಲಿಲ್ಲ, ಆದರೆ ಬೆಳಗಾಗುವುದರೊಳಗೆ ಸೋತು ಗದ್ದ ನೆಲಕ್ಕೆ ಊರಿತ್ತು. ಅಂಗಳದಲ್ಲಿ ಒಣಗಲು ಇಟ್ಟಾಗಲೆಲ್ಲ ಎದುರು ಕಟ್ಟೆಯಿಂದ ರಾಟಿ ನಿಲ್ಲುತ್ತಿತ್ತು.

"ಅಕ್ಕೋರ, ನಿಮ್ಮ ಒಂಟಿ ಮತ್ತ ಮಕ್ಕೊಂಡ್ತು ನೋಡ್ರಿ."

"ಅದು ಒಂಟಿ ಅಲ್ಲವ್ವಾ."

"ಏನರೆ ಇರಲಿ. ಕುತ್ತಿಗಿ ಒಂಟೀದು, ಮೈ ಆನೀದು, ಹಣೇಬರಾ ಮಾತ್ರ ಕತ್ತೀದು."

ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂತು. ಓಣಿಗೆಲ್ಲ ಎತ್ತು ಮಾಡಿಕೊಡುವುದು ಅವ್ವನ ಪಾಲಿನ ಕೆಲಸ. ಹಿತ್ತಲಿನಲ್ಲಿ ಎರೆಮಣ್ಣು ನೆನೆಹಾಕಿದ್ದಳು. ನನ್ನನ್ನು ಕರೆದು ಒಂದು ದೊಡ್ಡ ಮುದ್ದೆ ಮುಂದೆ ಇಟ್ಟು, "ಕಾಗದ ಸಾಕು, ಮಣ್ಣಾಗ ಮಾಡೋಣು ಬರ್ರಿ," ಎಂದಳು. ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ ಎಂದು ನಾನು ಹೆದರಿದೆ. ಮಗ್ಗದ ಕೆಳಗೆ ಬಿದ್ದ ತುಂಡು ನೂಲನ್ನೆಲ್ಲ ಬಳಿದು ತಂದು ಮಣ್ಣಿಗೆ ಸೇರಿಸಿ ತುಳಿದೆವು.

ಕುತ್ತಿಗೆಗೆ ಒಂದು ಉಪಾಯ ನನಗೇ ಹೊಳೆಯಿತು. ಆ ಪ್ರಾಣಿಗಳ ಕುತ್ತಿಗೆಯ ಎಲುಬುಗಳು ಗಟ್ಟಿಯಲ್ಲ, ಒಳಗೆ ಗಾಳಿ ತುಂಬಿದ ಗೂಡುಗಳು. ಅದಕ್ಕೇ ಅಷ್ಟುದ್ದ ಎತ್ತಿ ಹಿಡಿಯಲು ಆಗುತ್ತಿತ್ತು. ವರ್ಷಾ ವರ್ಷ ಪಾಠ ಮಾಡುತ್ತಿದ್ದರೂ ಇದು ಕೈಗೆ ಬಂದಿರಲಿಲ್ಲ. ಅವ್ವನ ಬುಟ್ಟಿಯಲ್ಲಿ ಖಾಲಿ ಕಂಡಿಕೆಗಳು ಬಿದ್ದಿದ್ದವು, ನೂಲು ತೀರಿದ ಮೇಲೆ ಉಳಿಯುವ ಟೊಳ್ಳು ಕೊಳವೆಗಳು. ಅವನ್ನು ತಂತಿಗೆ ಒಂದರ ಹಿಂದೆ ಒಂದು ಪೋಣಿಸಿದೆ. ಮೇಲೆ ತೆಳ್ಳಗೆ ಮಣ್ಣು ಬಳಿದೆವು.

ನಾನು ಬಾಲ ತಿದ್ದುತ್ತಿದ್ದಾಗ ಅವ್ವ ಬೆನ್ನ ಮೇಲೆ ದೊಡ್ಡದೊಂದು ಡುಬ್ಬ ಕೂಡಿಸಿಬಿಟ್ಟಿದ್ದಳು.

"ಅವ್ವಾ, ಇದಕ್ಕ ಇಣಿ ಇರಲಿಲ್ಲ!"

"ಇಣಿ ಇಲ್ಲದ್ದು ಎಂಥಾ ದನರಿ? ಕೈ ತನ್ನಷ್ಟಕ್ಕ ತಾನಽ ಮಾಡ್ತು. ಕೋಡು ಮಾಡಿಲ್ಲಲ್ಲ, ಪುಣ್ಯಾ ಅನ್ನರಿ."

ಡುಬ್ಬ ತೆಗೆಯಲು ಹೋದರೆ ಬೆನ್ನೇ ಕಿತ್ತು ಬರುವಂತಿತ್ತು. ಬಿಟ್ಟೆವು. ಕಣ್ಣಿಗೆ ಎರಡು ಗುಲಗಂಜಿ ಒತ್ತಿದಳು. ಆದರೆ ಹಸಿಮಣ್ಣಿನ ತಲೆ ಮತ್ತೆ ಮೆಲ್ಲಗೆ ಕೆಳಗೆ ಇಳಿಯತೊಡಗಿತು. ಅವ್ವ ಎತ್ತುಗಳ ಮುಂದೆ ಇಡುವ ಗೋದಲಿ ಮಾಡುತ್ತಿದ್ದಳು. ನಮ್ಮಲ್ಲಿ ಮಣ್ಣಿನ ಎತ್ತನ್ನಾದರೂ ಮೇವಿನ ತೊಟ್ಟಿ ಇಲ್ಲದೆ ನಿಲ್ಲಿಸುವುದಿಲ್ಲ. ಇಳಿಯುತ್ತಿದ್ದ ತಲೆಯನ್ನು ನೋಡಿ ಕೈ ನಿಲ್ಲಿಸಿದಳು.

"ಅದಕ್ಕ ಮೇವು ಯಾರು ಹಾಕ್ಯಾರ? ಹಸಗೊಂಡು ಎಷ್ಟೊತ್ತು ನಿಂದರಬೇಕ ಪಾಪ?"

ಹೇಳುತ್ತಲೇ ಗಿಡ್ಡ ಕಂಬದಂಥ ಪೀಠ ಮಾಡಿ, ಅದರ ಮೇಲೆ ಗೋದಲಿ ಕೂಡಿಸಿ, ಪ್ರಾಣಿಯ ಬಾಯಿಯ ಕೆಳಗೆ ತಂದಿಟ್ಟಳು. ಗದ್ದ ಗೋದಲಿಯ ಅಂಚಿಗೆ ಆತುಕೊಂಡಿತು. ಕುತ್ತಿಗೆ ನಿಂತಿತು.

"ಆ ಕಾಲದಾಗ ಗ್ವಾದಲಿ ಎಲ್ಲಿ ಇತ್ತವ್ವಾ? ಮನಷ್ಯಾರಽ ಇರಲಿಲ್ಲ."

"ಹಸಿವಿ ಇತ್ತಿಲ್ಲೋ?"

ಹಿತ್ತಲಿನ ನಾಲ್ಕು ಎಳೆ ಗರಿಕೆ ಕಿತ್ತು ತಂದು ಗೋದಲಿಗೆ ಹಾಕಿದೆ.

ಮರುದಿನ ಎತ್ತುಗಳೆಲ್ಲ ಪೂಜೆ ಮಾಡಿಸಿಕೊಂಡು ನೀರಿಗೆ ಹೋದವು. ನನ್ನ ಪ್ರಾಣಿಗೆ ಮಾತ್ರ ಅವ್ವ ಕುಂಕುಮದ ಬೆರಳು ಸೋಕಿಸಲಿಲ್ಲ. ಪೂಜೆ ಆದರೆ ನೀರಿಗೆ ಬಿಡಲೇಬೇಕು. ಬಿಡಬಾರದು ಎಂದರೆ ಪೂಜೆ ಆಗಬಾರದು. ನಾನು ಕೇಳದೆಯೇ ಆಕೆ ಮಾಡಿದ ಉಪಕಾರ ಅದು.

ಆಷಾಢವೆಲ್ಲ ಅದು ನನ್ನ ಹೊರಖೋಲಿಯಲ್ಲಿ ಹಸಿ ಬಟ್ಟೆಯ ಕೆಳಗೆ ನಿಧಾನವಾಗಿ ಒಣಗಿತು. ಶ್ರಾವಣದಲ್ಲಿ ಹುನಗುಂದದ ಕಡೆಯವರು ನನ್ನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಬಾದಾಮಿಯಿಂದ ಅಮ್ಮ ಮುಂಜಾನೆಯ ಬಸ್ಸಿಗೇ ಬಂದಳು. ಬಂದವಳೇ ಹಲಗೆ ನೋಡಿ ಹಣೆ ಬಡಿದುಕೊಂಡಳು.

"ಲಗ್ನದ ಹುಡುಗಿ ಮನ್ಯಾಗ ಇವೇನ? ಮೊದಲ ತಗಿ. ಈ ಸಂಬಂಧ ಕೂಡಿತಂದ್ರ ಯಾರರೆ ಹುಡುಗರಿಗೆ ಕೊಟ್ಟುಬಿಡೋದು, ಮುಗೀತು."

ನಾನು ಎದುರಾಡಲಿಲ್ಲ. ವಯಸ್ಸು ಮೀರುತ್ತಿದೆ ಎಂಬ ಮಾತು ಮನೆಯಲ್ಲಿ ಎದ್ದಿತ್ತು. ನನಗೂ ಹಾಗೆ ಅನ್ನಿಸತೊಡಗಿತ್ತು. ಒಂದೊಂದನ್ನೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಮಂಚದ ಕೆಳಗೆ ತಳ್ಳಿದೆ. ದೊಡ್ಡದನ್ನು ಎತ್ತುವಂತಿರಲಿಲ್ಲ, ಎತ್ತಿದರೆ ಒಡೆಯುತ್ತಿತ್ತು. ಅಮ್ಮ ಚೀಲದಿಂದ ನನಗೆಂದು ತಂದಿದ್ದ ಹೊಸ ಇಳಕಲ್ ಸೀರೆ ತೆಗೆದು ಅದರ ಮೇಲೆ ತಲೆಯಿಂದ ಬಾಲದವರೆಗೆ ಹೊದಿಸಿದಳು. ಹಾಸಿಗೆ ಸುರುಳಿ ಇದ್ದ ಹಾಗೆ ಕಂಡಿತು. ಚಹಾ ಫಳಾರಕ್ಕೆ ಕೈಗೂಡಿಸಲು ಅವ್ವ ಬಂದಿದ್ದಳು, ನೋಡಿ ಅಡುಗೆಮನೆಗೆ ಹೋದಳು.

ಅವರು ಬಂದರು. ಹುಡುಗ, ಅವನ ತಂದೆ, ಸೋದರತ್ತೆ. ಮಾತು ಮಳೆಯದ್ದಾಯಿತು, ಬಸ್ಸಿನದ್ದಾಯಿತು. ಸೋದರತ್ತೆಯ ಕಣ್ಣು ಮಾತ್ರ ಮೂಲೆಯ ಸೀರೆಯ ಮೇಲೆಯೇ ಇತ್ತು. ಕೊನೆಗೆ ತಡೆಯದೆ ಎದ್ದು ಹೋದರು.

"ಸೆರಗು ಖರೆ ರೇಷ್ಮೀದೇನ್ರಿ?" ಎನ್ನುತ್ತ ತುದಿ ಹಿಡಿದು ಬೆಳಕಿಗೆ ಎತ್ತಿದರು.

ಸೀರೆಯ ಕೆಳಗಿಂದ ಗುಲಗಂಜಿ ಕಣ್ಣಿನ ತಲೆ ಅವರನ್ನು ನೋಡಿತು.

"ಅಯ್ಯ! ಇದೇನ್ರಿ ಇದು, ಎತ್ತೋ ಒಂಟಿಯೋ? ಇನ್ನೂ ನೀರಿಗೆ ಬಿಟ್ಟಿಲ್ಲ?"

"ಕಾಲೇಜಿಂದದ ಅದು," ಎಂದಳು ಅಮ್ಮ ಅವಸರದಿಂದ. "ಹುಡುಗರಿಗೆ ತೋರಸ್ಲಿಕ್ಕೆ ಇಟ್ಟಾಳ."

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಅವ್ವ ಹೇಳಿದಳು: "ಕಾಲೇಜಿಂದಲ್ರಿ. ಅಕ್ಕೋರಽ ಮಾಡ್ಯಾರ. ಅವರಿಗೆ ಇವಂದ್ರ ಜೀವಾ. ಸಣ್ಣವು ಮಂಚದ ಕೆಳಗ ಟ್ರಂಕಿನ್ಯಾಗ ಅದಾವ."

ಸೋದರತ್ತೆ ಸೀರೆಯ ತುದಿ ಕೈಬಿಟ್ಟು ನನ್ನ ಕಡೆ ತಿರುಗಿದರು. ನಾನು ತಲೆ ಎತ್ತಿ "ಹೌದ್ರಿ, ನನ್ನವು," ಎಂದೆ. ಎದ್ದು ಟ್ರಂಕನ್ನು ಎಳೆದೆ.

ಹುಡುಗ ಒಂದನ್ನು ಕೈಗೆ ತೆಗೆದುಕೊಂಡ. "ಇಷ್ಟೆಲ್ಲಾ ಇಟಗೊಂಡು ಏನ್ ಮಾಡ್ತೀರಿ?"

"ನೋಡ್ತೇನ್ರಿ."

ಸೋದರತ್ತೆ ಒಳ್ಳೆಯವರು, ಮಾತು ಹಗುರ ಮಾಡಲು ನೋಡಿದರು. "ಇರಲಿ ಬಿಡ್ರಿ, ಮುಂದ ಮಕ್ಕಳಿಗೆ ಆಗ್ತಾವ."

"ಇಲ್ರಿ," ಎಂದೆ. "ಮಕ್ಕಳಿಗೂ ಕೊಡೂದಿಲ್ಲ."

ಆ ಸಂಬಂಧ ಕೂಡಲಿಲ್ಲ. ಅವರು ಏನೂ ಹೇಳಿ ಕಳಿಸಲಿಲ್ಲ. ಕಾರಣ ಇದೇ ಇರಬಹುದು, ಬೇರೆಯೂ ಇರಬಹುದು. ಅಮ್ಮನಿಗೆ ಮಾತ್ರ ಸಂಶಯ ಇರಲಿಲ್ಲ. ಅಂದು ಅವರು ಎದ್ದು ಹೋದ ಕೂಡಲೇ ಅವ್ವನ ಕಟ್ಟೆಯ ಮುಂದೆ ನಿಂತು, "ನಿಮಗ ಯಾಕ ಬೇಕಾಗಿತ್ತ್ರಿ ನಡುವ ಬಾಯಿ?" ಎಂದು ಕೇಳಿಬಿಟ್ಟಳು.

ಅವ್ವ ರಾಟಿ ನಿಲ್ಲಿಸಲಿಲ್ಲ. "ಇಳಕಲ್ಲಾಗ ಸೀರಿ ಹೊಚ್ಚಿ ಏನರೆ ಮುಚ್ಚಿಡಾಕ ಆಕ್ಕೈತೇನ್ರಿ ಬಾಯಾರ? ಸೀರಿ ಕಂಡ್ರ ಕೈ ಸುಮ್ನ ಇರ್ತಾವ?" ಎಂದಳು. ಆಮೇಲೆ ನನ್ನ ಕಡೆ ನೋಡಿ ದನಿ ತಗ್ಗಿಸಿದಳು. "ಎರಡ ತಾಸು ಮುಚ್ಚಾಕ ಆಗಲಿಲ್ಲ. ಜನ್ಮಪೂರ್ತಿ ಹೆಂಗ ಮುಚ್ಚಿಡ್ತಿದ್ರಿ ಅಕ್ಕೋರ?"

ಇಲ್ಲಿ ಒಂದು ಮಾತು. ಈ ಕತೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ, ಸೀರೆ ಸರಿದ ಕೂಡಲೇ ನಾನೇ ಎದ್ದು ನಿಂತು ನನ್ನವು ಎಂದೆ ಎಂದು ಹೇಳುತ್ತಿದ್ದೆ. ಹಾಗೇ ನಡೆಯಿತು ಎಂದು ನಂಬಿಯೂ ಇದ್ದೆ. ಮೊನ್ನೆ ಮೊನ್ನೆ ಅಮ್ಮನೇ ತಡೆದಳು: "ನೀ ಎಲ್ಲಿ ಅಂದಿ? ತಲಿ ತಗ್ಗಿಸಿ ಕೂತಿದ್ದಿ. ಅಂದಾಕಿ ಆಕಿ." ಅಮ್ಮನಿಗೆ ಇನ್ನೂ ಸಿಟ್ಟಿದೆ, ಹಾಗಾಗಿ ಆಕೆಯ ನೆನಪೇ ಸರಿ ಇರಬೇಕು. ಆದ್ದರಿಂದ ಮೇಲೆ ಬರೆದದ್ದು ಅಮ್ಮ ಹೇಳಿದಂತೆ. ಅವ್ವನ ಮಾತಿನ ಆಸರೆ ಸಿಕ್ಕ ಮೇಲೆಯೇ ನನ್ನ ತಲೆ ಎದ್ದದ್ದು. ಅಷ್ಟು ವರ್ಷ ಆ ಆಸರೆಯನ್ನು ಕಾಣದಂತೆ ಇಟ್ಟು, ತಲೆಯನ್ನಷ್ಟೇ ತೋರಿಸುತ್ತ ಬಂದೆ...

ಮುಂದೆ ಇನ್ನೊಬ್ಬರು ನೋಡಲು ಬಂದಾಗ ಹಲಗೆಯಿಂದ ಒಂದನ್ನೂ ಇಳಿಸಲಿಲ್ಲ. ಅವರು ನಕ್ಕರು, ನಕ್ಕು ಒಂದೊಂದನ್ನೇ ಕೈಗೆ ತೆಗೆದುಕೊಂಡು ನೋಡಿದರು, ತೆಗೆದ ಜಾಗದಲ್ಲೇ ಇಟ್ಟರು. ಈ ಮನೆಯ ಕಪಾಟುಗಳನ್ನು ಮಾಡಿಸಿದವರು ಅವರೇ.

ಇಳಕಲ್ ಬಿಡುವಾಗ ಮಣ್ಣಿನ ಪ್ರಾಣಿಯನ್ನು ಸಾಗಿಸುವಂತಿರಲಿಲ್ಲ. ಅವ್ವ ಅದನ್ನು ಹಿತ್ತಲಿನಲ್ಲಿ ನೆನೆಹಾಕಿದಳು. ಮುಂದಿನ ಅಮಾವಾಸ್ಯೆಗೆ ಅದೇ ಮಣ್ಣು ಓಣಿಯ ಎತ್ತುಗಳಾಯಿತಂತೆ. ನಾನು ಗೋದಲಿಯನ್ನೂ ಕಂಡಿಕೆಯ ಸರವನ್ನೂ ತಂದೆ. ಕೆಲವು ವರ್ಷ ಹಬ್ಬಕ್ಕೆ ಫೋನು ಮಾಡುತ್ತಿದ್ದೆ, ಆಮೇಲೆ ಕಡಿಮೆಯಾಯಿತು. ಆಕೆ ತೀರಿಕೊಂಡ ಸುದ್ದಿ ನನಗೆ ತಲುಪುವಾಗ ಎಲ್ಲ ಕಾರ್ಯವೂ ಮುಗಿದಿತ್ತು.

ಮಣ್ಣೆತ್ತು ಮಾರುವಾಕೆಯಿಂದ ಒಂದು ಜೋಡಿ ಕೊಂಡೆ, ಒಂದು ಮುದ್ದೆ ಹಸಿಮಣ್ಣನ್ನೂ ಕೇಳಿ ಇಸಿದುಕೊಂಡೆ. ಪ್ಲಾಸ್ಟಿಕ್ ಕೋಲನ್ನು ಡಬ್ಬಿಗೆ ಹಾಕಿ, ಕಪಾಟಿನಿಂದ ಅವ್ವನ ಗೋದಲಿ ತೆಗೆದೆ. ಅಂಚು ಅಲ್ಲಲ್ಲಿ ಉದುರಿದೆ. ಹೊಸ ಬೊಂಬೆಯ ಮುಂದೆ ಇಟ್ಟೆ. ಎಷ್ಟು ಹತ್ತಿರ ತಂದರೂ ಬಾಯಿ ಅದಕ್ಕೆ ಮುಟ್ಟಲಿಲ್ಲ. ಇದರ ಕುತ್ತಿಗೆ ಇರುವುದೇ ಮೇಲಕ್ಕೆ. ಆಗ ಹಸಿಮಣ್ಣಿನಿಂದ ಎತ್ತರದ ಪೀಠ ಮಾಡಿ, ಗೋದಲಿಯನ್ನು ಅದರ ಮೇಲೆ ಕೂಡಿಸಿದೆ. ಗದ್ದ ಅಂಚಿಗೆ ಆತಿತು. ಅಂಗಳದ ನಾಲ್ಕು ಎಳೆ ಗರಿಕೆ ಹಾಕಿದೆ.

ಎತ್ತುಗಳಿಗೆ ಕುಂಕುಮ ಹಚ್ಚುವಾಗ ಇದಕ್ಕೆ ಬೆರಳು ಸೋಕದಂತೆ ನೋಡಿಕೊಂಡೆ. ಈಗ ಬರೆಯುತ್ತ ಕೂತಿರುವಲ್ಲಿಂದ ಅದು ಕಾಣುತ್ತದೆ. ಚೆನ್ನಾಗಿ ನಿಂತಿದೆ. ಒಂಟಿ ಎಂದು ಕರೆಯಲು ಎದುರುಮನೆಯಲ್ಲಿ ಯಾರೂ ಇಲ್ಲ.