ಅಕ್ಕ ಏಳದ ದಿನ

ದೊಡ್ಡಬಳ್ಳಾಪುರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಹೇಳುತ್ತೇನೆ, ಅದೂ ಊಟವಾದ ಮೇಲಿನ ಪೀರಿಯಡ್ಡಿನಲ್ಲಿ. ಇಂಜೆಕ್ಷನ್ ಇಲ್ಲದೆ ಜನರನ್ನು ಮಲಗಿಸುವ ವಿದ್ಯೆ ನನಗೆ ಹೀಗೆ ಒಲಿಯಿತು.

ನನ್ನ ಪಾಠಗಳಲ್ಲಿ ನನಗೆ ಪ್ರಿಯವಾದದ್ದು ‘ರೋಗಿಯ ಪಾತ್ರ’. ಕಾಯಿಲೆ ಬರೀ ಮೈಗೆ ಬರುವುದಲ್ಲ, ಸಮಾಜ ಕೊಡುವ ಒಂದು ಸ್ಥಾನವೂ ಹೌದು. ರೋಗಿಗೆ ದಿನನಿತ್ಯದ ಕೆಲಸಗಳಿಂದ ಬಿಡುಗಡೆ ಉಂಟು, ಬದಲಿಗೆ ಅವನು ವೈದ್ಯರ ಮಾತು ಕೇಳಿ ಗುಣವಾಗಬೇಕು. ಎಷ್ಟು ಅಚ್ಚುಕಟ್ಟಾದ ಒಪ್ಪಂದ! ತೂಬಗೆರೆಯ ನನ್ನ ಅಕ್ಕ ಹಾಸಿಗೆ ಹಿಡಿಯುವವರೆಗೆ ನಾನೂ ಇದನ್ನು ನಂಬಿದ್ದೆ.

ಅಕ್ಕನ ಹೃದಯ ಸೋತಿತ್ತು. ಎದ್ದು ಓಡಾಡಲೇಬಾರದೆಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಸುದ್ದಿ ತಿಳಿದದ್ದೇ ತಡ, ನೋಡಲು ಜನ ಬಂದರು. ನಮ್ಮ ಕಡೆ ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಬನ್ನು, ಮೂಸಂಬಿ ಏನಾದರೂ ಇರಬೇಕು. ಹಾಗೆ ಬಂದವರನ್ನು ಕಾಫಿ ಕೊಡದೆ ಕಳಿಸುವಂತೆಯೂ ಇಲ್ಲ. ಸೂಲಿಬೆಲೆಯಿಂದ ಬಸ್ಸು ಬದಲಿಸಿ ಬಂದ ಚಿಕ್ಕಮ್ಮ, “ಏನೂ ಬ್ಯಾಡ ಕಣವ್ವಾ, ಮಲ್ಕೊ” ಎನ್ನುತ್ತಲೇ ಕಾಲು ಚಾಚಿ ಕೂತರು. ಅಕ್ಕ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೊರಟಳು.

“ನಾನ್ ಮಾಡ್ತೀನಿ ಬಿಡಕ್ಕ.”

“ನಿನ್ ಕಾಫಿ ಕುಡಿದ್ರೆ ಅವರೂ ಹಾಸಿಗೆ ಹಿಡೀತಾರೆ ಕಣೋ.”

“ನೀನು ರೋಗಿ. ನಿಂಗೆ ರಜಾ ಇದೆ.”

“ಬಂದೋರ ಮುಂದೆ ಮಲಗಿರಕ್ಕಾಯ್ತದಾ?” ಎಂದು ಏದುಸಿರಲ್ಲೇ ಹಾಲಿಟ್ಟಳು. ದಿನವೂ ಯಾರಾದರೂ ಬರುತ್ತಿದ್ದರು. ಎಲ್ಲರಿಗೂ ಅವಳ ಮೇಲೆ ನಿಜವಾದ ಪ್ರೀತಿಯಿತ್ತು, ಸಂಕಟವೇ ಅದು.

ಒಂದು ಭಾನುವಾರ ನಾನು ಹೋದಾಗ ಅಕ್ಕ ಕಣ್ಣು ಬಿಟ್ಟು ನೋಡಿದಳು. “ಕಾಫಿ ಇಡ್ಲಾ?” ಎಂದು ಕೇಳಲಿಲ್ಲ. ನನಗೆ ಅಲ್ಲೇ ಅಳು ಬಂತು. ಆ ವಾರವೇ ಹೋಗಿಬಿಟ್ಟಳು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯವರು ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದು ಬಂದವರಿಗೆಲ್ಲ ಬಗ್ಗಿಸಿ ಕೊಟ್ಟರು. ಅಕ್ಕ ಏಳದೆಯೇ ಎಲ್ಲರಿಗೂ ಕಾಫಿ ಸಿಕ್ಕಿತು. ಈ ಫ್ಲಾಸ್ಕು ಒಂದು ತಿಂಗಳು ಮೊದಲೇ ಬಂದಿದ್ದರೆ ಎಂದುಕೊಳ್ಳುತ್ತ ಲೋಟ ಹಿಡಿದು ಕೂತೆ. ಕುಡಿಯಲಾಗಲಿಲ್ಲ.

ಈಗ ಆ ಪಾಠದ ಕೊನೆಗೆ ಪುಸ್ತಕದಲ್ಲಿಲ್ಲದ ಒಂದು ಮಾತು ಸೇರಿಸುತ್ತೇನೆ: ಕಾಯಿಲೆಯವರನ್ನು ನೋಡಲು ಹೋಗುವಾಗ ಕಾಫಿಯನ್ನೂ ನೀವೇ ಒಯ್ಯಿರಿ. ಮೊನ್ನೆ ಆವತಿಯ ಹುಡುಗಿಯೊಬ್ಬಳು ಕಣ್ಣುಜ್ಜಿಕೊಳ್ಳುತ್ತ, “ಇದು ಎಷ್ಟ್ ಮಾರ್ಕ್ಸ್‌ದು ಸಾರ್?” ಎಂದಳು.

“ಮಾರ್ಕ್ಸ್ ಇಲ್ಲಮ್ಮ. ಮಲಗಿರೋರನ್ನ ಮಲಗಕ್ಕೆ ಬಿಡಿ, ಅಷ್ಟೇ,” ಎಂದೆ.

ಹಿಂದಿನ ಬೆಂಚಿನವರು ಆಗಲೇ ನಿದ್ದೆ ಹೋಗಿದ್ದರು. ನಾನು ಎಬ್ಬಿಸಲಿಲ್ಲ.